ಹಳೆಯ ಸಣ್ಣ ಕಾರು ಮತ್ತು ರೇಡಿಯೇಟರ್ ನೀರು

ನಮ್ಮ ಬೆಳೆಗಾರ ಬಂಧುಗಳಲ್ಲಿ ಅನೇಕರ ಮನೆಯ ಮುಂದೆ ಈಗ ಒಂದು ಸಣ್ಣ ಕಾರು ನಿಂತಿರುತ್ತದೆ. ಅವುಗಳಲ್ಲಿ ಹೆಚ್ಚಿನವು ಹೊಸದಾಗಿ ಕೊಂಡವಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಯಾರೋ ಹತ್ತು ಹದಿನೈದು ವರ್ಷ ಓಡಿಸಿ ಮಾರಿದಂಥವು. ಗೊಬ್ಬರದ ಮೂಟೆ ತರುವುದಕ್ಕೆ, ಅಡಿಕೆಯ ಮಾದರಿ ಹಿಡಿದು ಮಂಡಿಗೆ ಹೋಗುವುದಕ್ಕೆ, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡುವುದಕ್ಕೆ, ಎಲ್ಲಕ್ಕೂ ಅದೇ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸದಸ್ಯರು ಈ ಕಾರುಗಳ ವಿಷಯ ಮಾತನಾಡುವಾಗ ಪದೇ ಪದೇ ಹೇಳುವ ದೂರು ಒಂದೇ: ಕಾರು ಹೀಟ್ ಆಗುತ್ತದೆ. ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಇಂಜಿನ್ನನ್ನು ತಂಪಾಗಿಡುವ ವ್ಯವಸ್ಥೆಯನ್ನೇ ಆರಿಸಿಕೊಂಡಿದ್ದೇವೆ. ಏರು ದಾರಿಗಳಲ್ಲಿ ಓಡಾಡುವ ಕಾಫಿ ಸೀಮೆಯ ಸದಸ್ಯರಿಗೂ ಇದು ಅನ್ವಯಿಸುತ್ತದೆ.

ನಮ್ಮ ಕಡೆ ಹಳೆಯ ಕಾರು ಎಂದರೆ ಬಹುಮಟ್ಟಿಗೆ ಮಾರುತಿ. ಮಾರುತಿ 800 ಕಾರು 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಂದರೆ ಈಗ ಸಿಗುವ ಅತಿ ಎಳೆಯ 800 ಕೂಡ ಹತ್ತು ವರ್ಷ ದಾಟಿದೆ. 2019ರಲ್ಲಿ ನಿಂತ ಓಮ್ನಿ, 2000ದಿಂದ ಬಂದ ಆಲ್ಟೋ ಇವೂ ಅದೇ ಕುಟುಂಬದವು, 796 ಸಿ.ಸಿ.ಯ, ಮೂರು ಸಿಲಿಂಡರಿನ ಪುಟ್ಟ ಇಂಜಿನ್. ಒಳ್ಳೆಯ ಇಂಜಿನ್ ಎಂದೇ ನಮ್ಮ ಅಭಿಪ್ರಾಯ. ಆದರೆ ಅದರ ಮೇಲಿನ ಹೆಡ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಬಿಸಿಗೆ ಬೇಗ ಹಿಗ್ಗುತ್ತದೆ, ಮಿತಿ ಮೀರಿದರೆ ಸೊಟ್ಟಗಾಗುತ್ತದೆ. ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ.

ಪೆಟ್ರೋಲ್ ಉರಿದು ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಕಾಲು ಭಾಗ ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಸೈಲೆನ್ಸರಿನಿಂದ ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ನೀರು ಹೊತ್ತೊಯ್ಯಬೇಕು. ಹಿಂದೆ ನಮ್ಮ ಬಾವಿಗಳ ಮೇಲಿದ್ದ ಡೀಸೆಲ್ ಪಂಪ್‌ಸೆಟ್ಟುಗಳನ್ನು ನೆನಪಿಸಿಕೊಳ್ಳಿ. ಪಂಪು ಎತ್ತಿದ ನೀರಿನಲ್ಲೇ ಒಂದು ಕವಲು ಇಂಜಿನ್ನಿನೊಳಗೆ ಹಾದು, ಬಿಸಿಯಾಗಿ ಹೊರಗೆ ಬೀಳುತ್ತಿತ್ತು. ಅಲ್ಲಿ ನೀರಿಗೆ ಬರವಿರಲಿಲ್ಲ. ಕಾರಿನಲ್ಲಾದರೋ ಮೂರು ನಾಲ್ಕು ಲೀಟರ್ ನೀರು, ಅಷ್ಟೇ. ಅದೇ ನೀರು ಇಂಜಿನ್ನಿನಲ್ಲಿ ಕಾದು, ರೇಡಿಯೇಟರಿನಲ್ಲಿ ಆರಿ, ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಅದರಲ್ಲಿ ಒಂದು ಲೀಟರ್ ಸೋರಿಹೋದರೆ ಕಾಲು ಭಾಗವೇ ಹೋದ ಹಾಗೆ.

ಇಲ್ಲಿ ರೇಡಿಯೇಟರ್ ಮುಚ್ಚಳದ ಮಾತು ಹೇಳಲೇಬೇಕು, ಏಕೆಂದರೆ ಅದನ್ನು ಬರಿಯ ಮುಚ್ಚಳವೆಂದು ತಿಳಿದವರೇ ಹೆಚ್ಚು. ಮಂಡ್ಯ ಸೀಮೆ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಕೆಲಸ ಮಾಡುವುದೇ ತೊಂಬತ್ತರ ಆಸುಪಾಸಿನಲ್ಲಿ; ಒಂದು ಏರು ಹತ್ತಿದರೆ ಕುದಿ ಬಂದೀತು. ಮುಚ್ಚಳದೊಳಗಿನ ಸ್ಪ್ರಿಂಗು ಮತ್ತು ರಬ್ಬರು ಪ್ರೆಷರ್ ಕುಕ್ಕರಿನ ತೂಕದಂತೆ ಒತ್ತಡವನ್ನು ಹಿಡಿದಿಡುತ್ತವೆ. 0.9 ಎಂದು ಬರೆದಿರುವ ಮುಚ್ಚಳ ಸರಿಯಾಗಿದ್ದರೆ 115 ಡಿಗ್ರಿಯವರೆಗೂ ನೀರು ಕುದಿಯುವುದಿಲ್ಲ. ರಬ್ಬರು ಸೀಳಿದರೆ ಈ ರಕ್ಷಣೆ ಪೂರ್ತಿ ಹೋಯಿತು. ಮುಚ್ಚಳಕ್ಕೆ ಇನ್ನೊಂದು ಕೆಲಸವೂ ಉಂಟು. ಇಂಜಿನ್ ಆರಿದಾಗ ಪಕ್ಕದ ಪ್ಲಾಸ್ಟಿಕ್ ಡಬ್ಬಿಯಿಂದ ನೀರನ್ನು ವಾಪಸು ಎಳೆದುಕೊಳ್ಳುವುದು ಅದರ ಮೂಲಕವೇ. ಮುಚ್ಚಳ ಕೆಟ್ಟಾಗ ಡಬ್ಬಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ಡಬ್ಬಿ ನೋಡಿ ಸಮಾಧಾನಪಟ್ಟುಕೊಂಡವರು ಹಾಗೆಯೇ ಮೋಸಹೋಗುತ್ತಾರೆ. ವಾರಕ್ಕೊಮ್ಮೆ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ರೇಡಿಯೇಟರಿನ ಮುಚ್ಚಳವನ್ನೇ ತೆಗೆದು ನೋಡತಕ್ಕದ್ದು.

ಇನ್ನು ನೀರಿನ ಗುಣ. ನಾಗಮಂಗಲ, ಕೃಷ್ಣರಾಜಪೇಟೆ ಕಡೆಯ ಕೊಳವೆಬಾವಿಗಳ ಗಡಸು ನೀರು ಏನು ಮಾಡುತ್ತದೆಂಬುದನ್ನು ಬಚ್ಚಲುಮನೆಯ ಹಂಡೆಯ ಒಳಗೆ ಕೈಯಾಡಿಸಿದರೆ ತಿಳಿಯುತ್ತದೆ. ಅದೇ ಬಿಳಿಯ ಹಕ್ಕಳೆ ಇಂಜಿನ್ನಿನ ನೀರಿನ ಕಾಲುವೆಗಳಲ್ಲೂ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಒಮ್ಮೆ ತುಂಬಿದ ನೀರಿನಿಂದ ಕಟ್ಟುವುದು ಸ್ವಲ್ಪವೇ. ಆದರೆ ಸೋರುವ ಕಾರಿಗೆ ದಿನವೂ ಒಂದು ಚೊಂಬು ಸುರಿಯುತ್ತ ಹೋದರೆ ವರ್ಷದಲ್ಲಿ ಎಷ್ಟು ಸುಣ್ಣ ಒಳಗೆ ಸೇರಿತು, ಲೆಕ್ಕ ಹಾಕಿ. ನಾಲೆಯ ನೀರು ಅಷ್ಟು ಗಡಸಲ್ಲದಿದ್ದರೂ ಅದರಲ್ಲಿ ಮಣ್ಣಿರುತ್ತದೆ. ಯಾವ ನೀರೇ ಆಗಲಿ, ಬರಿಯ ನೀರು ಲೋಹವನ್ನು ತುಕ್ಕು ಹಿಡಿಸುತ್ತದೆ; ಇಂಜಿನ್ನಿನ ಬದಿಯಲ್ಲಿರುವ ತೆಳು ತಗಡಿನ ಪ್ಲಗ್ಗುಗಳು ತೂತು ಬೀಳುವುದು ಹೀಗೆಯೇ.

ಇದಕ್ಕೆ ಪರಿಹಾರ ಕೂಲೆಂಟ್. ಅದರಲ್ಲಿ ತುಕ್ಕು ತಡೆಯುವ ಮದ್ದು ಸೇರಿರುತ್ತದೆ, ಕುದಿಯುವ ಮಟ್ಟವನ್ನೂ ಅದು ಏರಿಸುತ್ತದೆ. ನೀರು ಬೆರೆಸಿಯೇ ಮಾರುವ ಬಗೆಯೂ ಇದೆ, ನಾವು ಬೆರೆಸಿಕೊಳ್ಳಬೇಕಾದದ್ದೂ ಇದೆ. ಡಬ್ಬಿಯ ಮೇಲೆ ಓದಿ ನೋಡಿ. ಬೆರೆಸುವುದಾದರೆ ಬ್ಯಾಟರಿಗೆ ಹಾಕುವ ಬಟ್ಟಿ ನೀರು ಉತ್ತಮ. ಅದು ಸಿಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರಾದರೂ ಆದೀತು. ಬೋರ್ಡೋ ದ್ರಾವಣ ಅಥವಾ ಮೈಲುತುತ್ತ ಕಲಸಿದ ಕ್ಯಾನಿನಲ್ಲಿ ರೇಡಿಯೇಟರ್ ನೀರನ್ನು ಎಂದೂ ಒಯ್ಯಬೇಡಿ. ತಾಮ್ರದ ಅಂಶ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತೋಟದವರ ಮನೆಯಲ್ಲಿ ಇಂಥ ಕ್ಯಾನುಗಳೇ ಕೈಗೆ ಮೊದಲು ಸಿಗುವುದರಿಂದ ಈ ಮಾತು ಹೇಳಬೇಕಾಯಿತು.

ರೇಡಿಯೇಟರ್ ಒಳಗಿನಿಂದ ಮಾತ್ರವಲ್ಲ, ಹೊರಗಿನಿಂದಲೂ ಕಟ್ಟುತ್ತದೆ. ಸುಗ್ಗಿಯಲ್ಲಿ ನಮ್ಮ ರಸ್ತೆಗಳೇ ಕಣಗಳಾಗುತ್ತವೆ. ಹುರುಳಿ, ರಾಗಿಯನ್ನು ಟಾರಿನ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿ ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಬಿಟ್ಟಿಲ್ಲ. ಒಕ್ಕಣೆಯ ಹೊಟ್ಟು ರೇಡಿಯೇಟರಿನ ರೆಕ್ಕೆಗಳ ನಡುವೆ ತುಂಬಿ ಗಾಳಿ ಆಡದಂತಾಗುತ್ತದೆ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಬೆಂಕಿ ಹತ್ತುವ ಅಪಾಯ ಬೇರೆ. ಬೆಳೆ ನಮ್ಮದೇ, ಕಾರೂ ನಮ್ಮದೇ, ಯಾರನ್ನು ದೂರೋಣ! ಸುಗ್ಗಿ ಮುಗಿದ ಮೇಲೆ ಒಮ್ಮೆ ಇಂಜಿನ್ ಕಡೆಯಿಂದ ಹೊರಮುಖವಾಗಿ ಸಾಧಾರಣ ನಲ್ಲಿ ಪೈಪಿನಿಂದ ತೊಳೆಯಿರಿ. ಪವರ್ ಸ್ಪ್ರೇಯರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇಷ್ಟೆಲ್ಲ ಕೊರತೆಗಳಿದ್ದರೂ ಸಮತಟ್ಟಾದ ಹೆದ್ದಾರಿಯಲ್ಲಿ ಕಾರು ಸುಮ್ಮನೆ ಓಡುತ್ತದೆ, ಏಕೆಂದರೆ ಎದುರುಗಾಳಿಯೇ ತಂಪು ಮಾಡುತ್ತದೆ. ಪರೀಕ್ಷೆ ಆಗುವುದು ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಹತ್ತುವಾಗ. ಅದರಲ್ಲೂ ವೈರಮುಡಿ ಉತ್ಸವದ ಸಮಯ. ಬೇಸಿಗೆ, ಐದು ಜನ, ಎ.ಸಿ. ಹಾಕಿದೆ, ಮುಂದೆ ವಾಹನಗಳ ಸಾಲು, ಕಾರು ಎರಡನೇ ಗೇರಿನಲ್ಲಿ ತೆವಳುತ್ತಿದೆ. ಗಾಳಿ ಇಲ್ಲ, ಎಲ್ಲ ಭಾರವೂ ಆ ಒಂದು ಕರೆಂಟು ಫ್ಯಾನಿನ ಮೇಲೆ. ಅದರ ಸ್ವಿಚ್ಚು ಅಥವಾ ಫ್ಯೂಸು ಹೋಗಿದ್ದರೆ ಅಂದೇ ಗೊತ್ತಾಗುವುದು.

ಮುಳ್ಳು ಮಾಮೂಲಿ ಜಾಗ ಬಿಟ್ಟು ಮೇಲೇರತೊಡಗಿತೆಂದರೆ ಎ.ಸಿ. ನಿಲ್ಲಿಸಿ, ಬದಿಗೆ ತಂದು ಇಂಜಿನ್ ಬಂದ್ ಮಾಡಿ. ಊರು ಎರಡೇ ಮೈಲಿ ಇದೆ, ಹೇಗೂ ಮುಟ್ಟೋಣ ಎಂಬ ಆಸೆ ಬೇಡ. ಆ ಎರಡು ಮೈಲಿಯಲ್ಲೇ ಹೆಡ್ ಹೋಗುವುದು. ಒಂದು ಹೋಸ್ ಪೈಪಿನದೋ ಮುಚ್ಚಳದ್ದೋ ಖರ್ಚಿನಲ್ಲಿ ಮುಗಿಯಬೇಕಾದದ್ದು ಹೆಡ್ ಬಿಚ್ಚಿ, ಲೇತಿನವರ ಹತ್ತಿರ ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸುವವರೆಗೆ ಬೆಳೆಯುತ್ತದೆ. ಇನ್ನೂ ಓಡಿಸಿದರೆ ಎಣ್ಣೆ ತೆಳುವಾಗಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಆಗ ಬರುವ ಖರ್ಚು ಹಳೆಯ ಕಾರಿನ ಬೆಲೆಯನ್ನೇ ಮುಟ್ಟೀತು. ಇನ್ನೊಂದು ಎಚ್ಚರಿಕೆ: ನೀರು ಪೂರ್ತಿ ಸೋರಿಹೋದರೆ ಬಿಸಿ ಅಳೆಯುವ ಸಾಧನಕ್ಕೆ ನೀರೇ ತಗುಲದೆ ಮುಳ್ಳು ಕೆಳಗೆ ಇಳಿಯಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಬಿದ್ದರೆ ಅದು ಶುಭಸೂಚನೆಯಲ್ಲ. ಈಚಿನ ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ದೀಪ ಹತ್ತಿದ ಮೇಲೆ ಯೋಚಿಸಲು ಸಮಯವಿಲ್ಲ.

ನಿಲ್ಲಿಸಿದ ಮೇಲೆ ಅರ್ಧ ಗಂಟೆಯಾದರೂ ಮುಚ್ಚಳಕ್ಕೆ ಕೈ ಹಚ್ಚಕೂಡದು. ಒಳಗಿರುವುದು ನೂರು ಡಿಗ್ರಿಗೂ ಮೀರಿದ ನೀರು. ಮುಚ್ಚಳ ಸಡಿಲಿಸಿದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಕಣ್ಣು ಕಳೆದುಕೊಳ್ಳುವ ಕೆಲಸ ಅದು. ಮೇಲಿನ ಹೋಸ್ ಪೈಪನ್ನು ಬಟ್ಟೆಯಿಂದ ಒತ್ತಿ ನೋಡಿ, ಮೆತ್ತಗಾದ ಮೇಲೆ ದಪ್ಪ ಟವಲು ಹಾಕಿ ನಿಧಾನವಾಗಿ ಮೊದಲ ಹಂತದವರೆಗೆ ಮಾತ್ರ ತಿರುಗಿಸಿ, ಒತ್ತಡ ಹೋಗಲು ಬಿಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೀಳುವುದುಂಟು. ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ.

ನಮ್ಮ ಊರುಗಳ ಮೇಸ್ತ್ರಿಗಳು ಕುಶಲಿಗಳೇ, ಅದರಲ್ಲಿ ಸಂಶಯವಿಲ್ಲ. ಆದರೆ ಅವರಲ್ಲಿ ರೂಢಿಯಾಗಿರುವ ಎರಡು ಉಪಾಯಗಳನ್ನು ನಾವು ಒಪ್ಪುವುದಿಲ್ಲ. ಒಂದು, ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಡುವುದು. ನೀರು 80-90 ಡಿಗ್ರಿಗೆ ಬರುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು ಇಂಜಿನ್ ಬೇಗ ಕಾಯುವಂತೆ ಮಾಡುವುದು ಅದರ ಕೆಲಸ. ಅದಿಲ್ಲದೆ ಇಂಜಿನ್ ಹದವಾಗಿ ಕಾಯದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಎರಡು, ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ. ನಡುದಾರಿಯಲ್ಲಿ ಮನೆ ಮುಟ್ಟಿಸುವ ಮಟ್ಟಿಗೆ ಅರಿಶಿನ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ಕೊಳವೆ ಎಂಬ ವಿವೇಕವಿಲ್ಲ. ಮನೆ ಮುಟ್ಟಿದ ಮೇಲೆ ತೊಳೆಸಿ ರಿಪೇರಿ ಮಾಡಿಸಬೇಕು. ಹಳೆಯ ಹಿತ್ತಾಳೆಯ ರೇಡಿಯೇಟರಾದರೆ ಬೆಸುಗೆ ಹಾಕಿಸಬಹುದು. ಪ್ಲಾಸ್ಟಿಕ್ ತೊಟ್ಟಿಯ ಅಲ್ಯೂಮಿನಿಯಂ ರೇಡಿಯೇಟರಾದರೆ ಸಾಮಾನ್ಯವಾಗಿ ಬದಲಿಸುವುದೇ ಲೇಸು.

ಇನ್ನೂ ಕಾರು ಕೊಳ್ಳದವರು ಒಂದು ಷರತ್ತು ಹಾಕಿರಿ: ನಾವು ಬರುವ ಮೊದಲು ಇಂಜಿನ್ ಚಾಲೂ ಮಾಡಿರಬಾರದು. ಹೋದೊಡನೆ ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ದರೆ ಮುಚ್ಚಳ ತೆಗೆಯಿರಿ. ಕೆಮ್ಮಣ್ಣಿನ ಬಣ್ಣದ ನೀರಿದ್ದರೆ ಕೂಲೆಂಟ್ ಕಂಡು ವರ್ಷಗಳಾಗಿವೆ. ಮೇಲೆ ಎಣ್ಣೆಯ ಪೊರೆ ತೇಲುತ್ತಿದ್ದರೆ ಗ್ಯಾಸ್ಕೆಟ್ಟಿನ ಮೇಲೆ ಸಂಶಯಪಡಿ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎಣ್ಣೆ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಎಣ್ಣೆಗೆ ಸೇರಿದೆ ಎಂದರ್ಥ. ಕಾಫಿ ಬೆಳೆಯುವವರಿಗೆ ಆ ಬಣ್ಣವನ್ನು ನಾವು ವಿವರಿಸಬೇಕಾಗಿಲ್ಲ! ಮುಚ್ಚಳ ತೆಗೆದೇ ಇಂಜಿನ್ ಚಾಲೂ ಮಾಡಿಸಿ, ಮುಖ ದೂರವಿಟ್ಟು ನೋಡಿ. ಮೊದಲ ಕೆಲವು ಗುಳ್ಳೆ ಸಹಜ. ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ. ಆಮೇಲೆ ಮುಚ್ಚಳ ಹಾಕಿ, ಎ.ಸಿ. ಇಲ್ಲದೆ ಇಪ್ಪತ್ತು ನಿಮಿಷ ನಿಂತಲ್ಲೇ ಓಡಲಿ. ಫ್ಯಾನು ತಾನಾಗಿ ತಿರುಗಬೇಕು, ತಾನಾಗಿ ನಿಲ್ಲಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಬೇರೆ ಸ್ವಿಚ್ಚು ಹಾಕಿ ಫ್ಯಾನು ಡೈರೆಕ್ಟ್ ಮಾಡಿದ್ದರೆ ಏಕೆಂದು ಕೇಳಿ. ಮಾರುವವರು ಪರಿಚಯದವರು, ಹೀಗೆಲ್ಲ ನೋಡಿದರೆ ಏನೆಂದುಕೊಂಡಾರು ಎಂಬ ದಾಕ್ಷಿಣ್ಯ ಬೇಡ. ಹಸು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೇ?

ಕೊಂಡ ಮೇಲೆ ಹಳೆಯ ನೀರನ್ನು ಬಸಿದು, ಸ್ವಚ್ಛ ನೀರಿನಲ್ಲಿ ಎರಡು ಮೂರು ಸಲ ತೊಳೆಸಿ, ಹೊಸ ಕೂಲೆಂಟ್ ತುಂಬಿಸಿ. ಹೋಸ್ ಪೈಪುಗಳು, ಕ್ಲಿಪ್ಪುಗಳು, ಬೆಲ್ಟು, ಮುಚ್ಚಳ ಇವನ್ನು ಒಟ್ಟಿಗೇ ಬದಲಿಸಿಬಿಡುವುದು ಒಳ್ಳೆಯದು. ಬಸಿದ ಕೂಲೆಂಟನ್ನು ಅಂಗಳದಲ್ಲಿ ಚೆಲ್ಲಬಾರದು, ತೆರೆದ ಬಕೆಟ್ಟಿನಲ್ಲೂ ಇಡಬಾರದು. ಅದು ರುಚಿಗೆ ಸಿಹಿ, ಆದರೆ ವಿಷ. ನಾಯಿ, ಕರು, ಮಕ್ಕಳು ಬಾಯಿ ಹಾಕುವ ಭಯವಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ತೆಗೆದುಕೊಳ್ಳುವ ವರ್ಕ್‌ಶಾಪು ಇದನ್ನೂ ತೆಗೆದುಕೊಳ್ಳುತ್ತದೆಯೇ ಎಂದು ವಿಚಾರಿಸಿ ಅಲ್ಲಿಗೆ ಒಪ್ಪಿಸಿರಿ.