ಗಾಡಿ ಎತ್ತಿದ್ದು ಸರಿ, ಸ್ಟೇರಿಂಗ್ ಯಾರು ನೋಡಬೇಕ್ರಿ?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕಡೆ ಹೊಲದ ದಾರಿಗಳೆಲ್ಲ ಟ್ರ್ಯಾಲಿಯ ಗಾಲಿಗೆ ಸಿಕ್ಕು ಆಳವಾಗುತ್ತವೆ. ನಡುವಿನ ದಿಬ್ಬ ಜೀಪಿನ ಹೊಟ್ಟೆಗೆ ಬಡಿಯುತ್ತದೆ. ಹಾಗಾಗಿ ರಾಯಬಾಗ, ಕಾಗವಾಡದ ಹೊಳೆಸಾಲಿನವರು ಗಾಡಿ ಎತ್ತಿಸುತ್ತಾರೆ. ಅಥಣಿಯ ಪೂರ್ವಕ್ಕೆ ತೆಲಸಂಗದ ಕಡೆಯವರು ಒಣಭೂಮಿಯ ಕಲ್ಲಿಗೆ ಹೆದರಿ ಎತ್ತಿಸುತ್ತಾರೆ. ಕೆಲವರು ಬರೀ ಗತ್ತಿಗೆ, ಅದೂ ತಪ್ಪಲ್ಲ. ಆದರೆ ಎತ್ತಿದ ಗಾಡಿ ನಿಪ್ಪಾಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ಹತ್ತಿದ ಮೇಲೆ ದೂರು ಶುರು: “ಅಣ್ಣಾರ, ಎಪ್ಪತ್ತ ದಾಟಿತಂದ್ರ ಸ್ಟೇರಿಂಗ್ ಕೈಯಾಗ ನಿಲ್ಲಾಂಗಿಲ್ಲ ನೋಡ್ರಿ.” ಗ್ಯಾರೇಜಿನಲ್ಲಿ ಇದನ್ನು ಕೇಳುತ್ತ ಕೇಳುತ್ತ ನಾನು ಕಲಿತದ್ದು ಇಷ್ಟು.

1. ಮೊದಲು ಗಾಲಿ ತೊಳೆಸಿ. ತಮಾಷೆಗೆ ಹೇಳುತ್ತಿಲ್ಲ. ಎರಿ ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿಕೊಂಡು ಒಣಗಿದರೆ ಕಲ್ಲಾಗುತ್ತದೆ. ಹೊರಗಿನಿಂದ ನೋಡಿದರೆ ಗಾಲಿ ಸ್ವಚ್ಛ, ಒಳಗೆ ಒಂದೇ ಬದಿಗೆ ಅಂಗೈಯಗಲದ ಹೆಂಟೆ. ವೇಗ ಅರವತ್ತು ಎಪ್ಪತ್ತಕ್ಕೆ ಬಂದೊಡನೆ ಅದೇ ಸ್ಟೇರಿಂಗ್ ನಡುಗಿಸುತ್ತದೆ. ಸಾವಿರಾರು ರೂಪಾಯಿಯ ಪಾರ್ಟ್ ತರಿಸಲು ಸಿದ್ಧರಾಗಿ ಬಂದವರಿಗೆ “ಸಾವಕಾರ್ರ, ಮೊದ್ಲ ಗಾಲಿ ಬಿಚ್ಚಿ ತೊಳಿಯೂಣು” ಎಂದರೆ ಮುಖ ಸಣ್ಣದಾಗುತ್ತದೆ. ತೊಳೆದ ಮೇಲೆ ಬ್ಯಾಲೆನ್ಸ್, ಆಮೇಲೆ ಗಾಳಿ. ಕೆಸರಿಗೆಂದು ಗಾಳಿ ಇಳಿಸಿದವರು ಡಾಂಬರಿಗೆ ಬಂದು ತುಂಬಿಸಲು ಮರೆತರೂ ಗಾಡಿ ಅತ್ತಿತ್ತ ತೇಲುತ್ತದೆ.

2. ಹಳೆಯ ಸವೆತವನ್ನು ಎತ್ತರ ಬಯಲಿಗೆಳೆಯುತ್ತದೆ. ಎತ್ತುವ ಮುಂಚೆಯೇ ಪರೀಕ್ಷೆ ಆಗಬೇಕು. ಗಾಲಿಗಳು ನೆಲದ ಮೇಲೇ ಇರಲಿ, ಜ್ಯಾಕ್ ಬೇಡ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಹ್ಯಾಂಡ್‌ಬ್ರೇಕ್ ಬಿಗಿ ಇರಲಿ. ಹುಡುಗನೊಬ್ಬ ಒಳಗೆ ಕುಳಿತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪವೇ ಆಡಿಸುತ್ತಾನೆ, ನಾನು ಕೆಳಗೆ ಮಲಗಿ ಒಂದೊಂದೇ ಜೋಡಣೆಯ ಮೇಲೆ ಬೆರಳಿಡುತ್ತೇನೆ: ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸಿನ ಬೋಲ್ಟು, ಪಾಟಾದ (ಲೀಫ್ ಸ್ಪ್ರಿಂಗಿನ) ಬುಷ್, ಇದ್ದರೆ ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿ. ಕಣ್ಣಿಗೆ ಕಾಣದ ‘ಟಕ್’ ಬೆರಳಿಗೆ ತಿಳಿಯುತ್ತದೆ. ಪ್ಯಾನ್‌ಹಾರ್ಡ್ ರಾಡಿನ ಬೋಲ್ಟು ಸಡಿಲವಿದ್ದೇ ಗಾಡಿ ಓಡಿ ಓಡಿ ಬ್ರ್ಯಾಕೆಟ್ಟಿನ ತೂತು ಉದ್ದುದ್ದ ಆಗಿರುತ್ತದೆ. ಆಗ ಬೋಲ್ಟು ಎಷ್ಟು ಬಿಗಿದರೂ ಉಪಯೋಗವಿಲ್ಲ, ಬ್ರ್ಯಾಕೆಟ್ಟಿಗೇ ಕೆಲಸ ಬೇಕು.

3. ಕ್ಯಾಸ್ಟರ್ ಹೋದರೆ ನೇರ ಓಟ ಹೋಯಿತು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಕೈಬಿಟ್ಟರೂ ಅದು ನೇರ ಹೋಗಲು ನೋಡುತ್ತದೆ. ಗಾಡಿಯ ಕ್ಯಾಸ್ಟರ್ ಕೋನವೂ ಅದೇ ಕೆಲಸ ಮಾಡುತ್ತದೆ, ತಿರುವಿನ ನಂತರ ಸ್ಟೇರಿಂಗನ್ನು ತಾನಾಗಿ ನಡುವಿಗೆ ತರುತ್ತದೆ. 2023ರ ಜೂನ್‌ನಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲಿ ಮುಂದೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಆಕ್ಸಲನ್ನು ಎರಡು ತೋಳುಗಳು ಹಿಡಿದಿರುತ್ತವೆ. ತೋಳು ಎರಡಡಿ ಉದ್ದ ಎಂದಿಟ್ಟುಕೊಳ್ಳಿ. ಎರಡು ಇಂಚು ಎತ್ತಿದರೆ ತೋಳು ಹತ್ತಿರಹತ್ತಿರ ಐದು ಡಿಗ್ರಿ ಓರೆಯಾಗುತ್ತದೆ, ಜೊತೆಗೆ ಆಕ್ಸಲನ್ನೂ ತಿರುಗಿಸುತ್ತದೆ. ಅಷ್ಟೂ ಕ್ಯಾಸ್ಟರಿನ ಲೆಕ್ಕದಿಂದಲೇ ಕಳೆಯಬೇಕು. ಬರೀ ಸ್ಪ್ರಿಂಗ್ ಮಾರುವವರು ಇದನ್ನು ಹೇಳುವುದಿಲ್ಲ. ತಿದ್ದಲು ತೂತು ನಡುವಿನಿಂದ ಸರಿದಿರುವ ಬುಷ್ ಅಥವಾ ತೋಳಿನ ಬ್ರ್ಯಾಕೆಟ್ ಸಿಗುತ್ತದೆ; ಸ್ಪ್ರಿಂಗಿನ ಜೊತೆಗೇ ತರಿಸಿ.

ಪಾಟಾ ಇರುವ ಹಳೆಯ ಜೀಪು, ಜಿಪ್ಸಿಗಳ ಕಥೆ ಬೇರೆ. ಅಗ್ಗದ ದಾರಿ ಎಂದು ಉದ್ದ ಶಾಕಲ್ ಹಾಕುತ್ತಾರೆ. ಶಾಕಲ್ ಪಾಟಾದ ಮುಂದಿನ ತುದಿಗಿದ್ದರೆ ಆ ತುದಿ ಚಾಸಿಯಿಂದ ಕೆಳಗಿಳಿದು ಆಕ್ಸಲ್ ಮುಂದಕ್ಕೆ ಬಾಗುತ್ತದೆ, ಕ್ಯಾಸ್ಟರ್ ಮತ್ತೆ ಹೋಯಿತು. ಪಾಟಾಕ್ಕೂ ಆಕ್ಸಲಿಗೂ ನಡುವೆ ಓರೆ ಪಚ್ಚರ ಇಟ್ಟು ಸರಿಮಾಡಬಹುದು, ಆದರೆ ಅದು ಉಕ್ಕಿನದೇ ಆಗಬೇಕು. ಮೆತ್ತನೆಯ ಅಲ್ಯುಮಿನಿಯಂ ಒಡೆದು ಜಾರಿದರೆ ಯು-ಬೋಲ್ಟು ಸಡಿಲ. ನನ್ನನ್ನು ಕೇಳಿದರೆ ಶಾಕಲ್ ಮುಟ್ಟಬೇಡಿ, ಸರಿಯಾದ ಕಮಾನಿನ ಹೊಸ ಪಾಟಾ ಸೆಟ್ಟೇ ಹಾಕಿಸಿ.

4. ಡ್ರ್ಯಾಗ್ ಲಿಂಕ್ ಮತ್ತು ಪ್ಯಾನ್‌ಹಾರ್ಡ್ ರಾಡ್ ಒಂದೇ ಓರೆಯಲ್ಲಿರಬೇಕು. ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದರೆ ಸಾಕು, ಯಂತ್ರ ಬೇಡ. ಒಂದನ್ನು ತಗ್ಗಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಪ್ರತಿ ತಗ್ಗಿಗೂ ಸ್ಟೇರಿಂಗ್ ತಾನೇ ತಿರುಗುತ್ತದೆ. ಇನ್ನು ಎತ್ತಿದಾಗ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಒಂದು ಬದಿಗೆ ಎಳೆದಿರುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿ ನಡುವಿಗೆ ತರಬೇಕು.

5. ಮುಂದೆ ಗಟ್ಟಿ ಆಕ್ಸಲ್ ಇಲ್ಲದ ಗಾಡಿಗೆ ಬೇರೆ ಮಾತು. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಯಲ್ಲಿ ಮುಂದೆ ಟಾರ್ಶನ್ ಬಾರ್. ಅದರ ಬೋಲ್ಟು ತಿರುಗಿಸಿದರೆ ಅರ್ಧ ತಾಸಿನಲ್ಲಿ ಮೂತಿ ಮೇಲೇರುತ್ತದೆ, ಖರ್ಚೂ ಇಲ್ಲ. ಅದಕ್ಕೇ ಎಲ್ಲರಿಗೂ ಆಸೆ. ಆದರೆ ಗಾಲಿ ಕೆಳಗಿಳಿಯಲು ಉಳಿದಿದ್ದ ಜಾಗ ಮುಗಿಯುತ್ತದೆ, ಬಾಲ್ ಜಾಯಿಂಟೂ ಡ್ರೈವ್ ಶಾಫ್ಟೂ ತುದಿ ಹಿಡಿದು ಕೆಲಸ ಮಾಡುತ್ತವೆ, ಗಾಲಿಯ ಕೋನಗಳಾದ ಟೋ, ಕ್ಯಾಂಬರ್ ಎರಡೂ ಕೆಡುತ್ತವೆ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಥಾರ್‌ಗೆ ಸ್ಪ್ರಿಂಗಿನ ಮೇಲೆ ಸ್ಪೇಸರ್ ಇಟ್ಟರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಹೆಚ್ಚು ಎತ್ತಿದರೆ ಮೇಲಿನ ತೋಳು ಬದಲಿಸಬೇಕಾಗುತ್ತದೆ.

6. ಸ್ಟೇರಿಂಗ್ ಡ್ಯಾಂಪರ್ ಕೊನೆಗೆ. ಹೊಸ ಡ್ಯಾಂಪರ್ ಹಾಕಿದ ದಿನ ನಡುಕ ನಿಲ್ಲುತ್ತದೆ, ನಿಜ. ಒಳಗಿನ ಸಡಿಲು ಹಾಗೇ ಇರುತ್ತದೆ, ಬೆಳೆಯುತ್ತ ಹೋಗುತ್ತದೆ.

7. ಅಗಲ ಟೈರು, ಗಾಲಿ ಹೊರಗೆ ತಳ್ಳುವ ಸ್ಪೇಸರು: ನನಗೆ ಒಪ್ಪಿಗೆಯಿಲ್ಲ. ಒಂದೇ ಗಾಲಿ ತಗ್ಗಿಗಿಳಿದರೂ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ.

8. ಹೊಳೆ ನೀರಿನಲ್ಲಿ ಧೈರ್ಯ ಬೇಡ. ಕಲ್ಲೋಳ–ಯಡೂರ ಸೇತುವೆ ಮುಳುಗಿದಾಗ ಎತ್ತಿದ ಗಾಡಿಯವರಿಗೆ ಒಂದು ಕೈ ನೋಡುವ ಚಪಲ. ಹರಿವು ಗಾಡಿಯ ಎತ್ತರ ಕೇಳುವುದಿಲ್ಲ. ನಿಂತ ನೀರಿನಲ್ಲಿ ಹಾದು ಬಂದವರೂ ಗಟ್ಟಿ ಆಕ್ಸಲಿನ ತುದಿಯ ಸ್ಟೇರಿಂಗ್ ನಕಲ್ ಬಿಚ್ಚಿಸಿ ನೋಡಬೇಕು. ಗ್ರೀಸು ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ಹಾಗೇ ಬಿಟ್ಟರೆ ಬೇರಿಂಗ್ ಹೋಗಿ ಮತ್ತೆ ನಡುಕ.

9. ಕಾಗದವನ್ನೂ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಬೀಳಬಹುದು, ಜೈಲಿನ ಮಾತೂ ಇದೆ. ಕೆಎ-23 ಗಾಡಿಯವರು ಕೆಲಸಕ್ಕೆ ಮುಂಚೆ ಚಿಕ್ಕೋಡಿ ಆರ್‌ಟಿಒದಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

10. ಟ್ರಯಲ್ ಊರೊಳಗೆ ಆಗುವುದಿಲ್ಲ. ಮೊದಲು ಸಪಾಟು ನೆಲದಲ್ಲಿ ಮುಂದಿನ ಎರಡೂ ಟೈರಿನ ಮೈಮೇಲೆ ನಡುಗೆರೆ ಎಳೆದು ಟೈರಿನ ಮುಂಬದಿ, ಹಿಂಬದಿ ಟೇಪು ಹಿಡಿಯುತ್ತೇನೆ. ಹಳೆಯ ಜೀಪಾದರೆ ಹಿಂದಿನ ಅಳತೆಗಿಂತ ಮುಂದಿನದು ಒಂದೆರಡು ಮಿಲಿಮೀಟರ್ ಕಡಿಮೆ ಇರಬೇಕು. ಆಮೇಲೆ ನಿಪ್ಪಾಣಿ ದಾಟಿ ತವಂದಿ ಘಾಟ್. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ, ಗಾಡಿ ಯಾವ ಬದಿಗೆ ಎಳೆಯುತ್ತದೆಂಬುದು ಅಲ್ಲಿ ತಿಳಿಯುತ್ತದೆ. ಐನೂರು ಕಿಲೋಮೀಟರ್ ಓಡಿದ ಮೇಲೆ ಗಾಡಿ ಮತ್ತೆ ತರಬೇಕು, ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಲು.