ಸಂಪಿನ ನೀರಿನಲ್ಲಿ ಗುಲಾಬಿ ಬಣ್ಣ

ನಮ್ಮ ಧಾರವಾಡದ ಓಣಿಗಳಲ್ಲಿ ‘ನೀರ ಬಂದಾವ್ರೀ!’ ಎಂಬ ಕೂಗು ಕೇಳಿದೊಡನೆ ಮನೆಮಂದಿಯೆಲ್ಲ ಎದ್ದು ಓಡಾಡತೊಡಗುತ್ತಾರೆ. ಸಂಪಿನ ಮುಚ್ಚಳ ಸರಿಯುತ್ತದೆ, ಪೈಪು ಇಳಿಯುತ್ತದೆ, ಕೊಡಗಳು ಸಾಲಾಗಿ ಬಂದು ಕೂರುತ್ತವೆ. ಆ ಗಡಿಬಿಡಿಯ ನಡುವೆ ನೀವು ಎರಡೇ ನಿಮಿಷ ಬಿಡುವು ಮಾಡಿಕೊಳ್ಳಬೇಕು. ಬೆರಳುದ್ದದ ಒಂದು ಗಾಜಿನ ನಳಿಕೆಯಲ್ಲಿ ಆ ನೀರನ್ನು ಹಿಡಿದು, ಒಂದು ಮಾತ್ರೆ ಹಾಕಿ, ಬೆಳಕಿಗೆ ಎತ್ತಿ ನೋಡಬೇಕು. ಇಷ್ಟನ್ನು ನಿಮ್ಮಿಂದ ಮಾಡಿಸುವುದೇ ಈ ಲೇಖನದ ಆಸೆ. ರಸಾಯನಶಾಸ್ತ್ರ ನಿಮಗೆ ಬರಬೇಕಾಗಿಲ್ಲ. ಕುತೂಹಲವಿದ್ದರೆ ಉಳಿದದ್ದನ್ನು ನಾನು ಹೇಳುತ್ತೇನೆ.

ಕ್ಲೋರಿನ್ ಪರೀಕ್ಷೆ ಎಂದರೆ ಈಜುಕೊಳ ಉಳ್ಳವರ ಕೆಲಸವೆಂದು ಹಲವರು ತಿಳಿದಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಗಳದಲ್ಲಿ ಈಜುಕೊಳ ಇರುವ ಮನೆಗಳು ಅಪರೂಪ. ಆದರೆ ನೆಲದಡಿಯ ಸಂಪು, ಮಾಳಿಗೆಯ ಮೇಲಿನ ಕರಿ ಟಾಕಿ ಇಲ್ಲದ ಮನೆಗಳೂ ಅಷ್ಟೇ ಅಪರೂಪ. ನಲ್ಲಿಯಲ್ಲಿ ದಿನವೂ ನೀರು ಬಾರದ ಊರಿನಲ್ಲಿ ನಾವೆಲ್ಲರೂ ಒಂದೊಂದು ಪುಟ್ಟ ಕೆರೆಯ ಒಡೆಯರೇ. ಈಜುಕೊಳದ ನೀರು ಮೈಗೆ ತಾಗುತ್ತದೆ, ನಮ್ಮ ಸಂಪಿನ ನೀರು ಹೊಟ್ಟೆಗೆ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ನಮಗೆ ಇನ್ನೂ ಹತ್ತಿರದ್ದು.

ಮೊದಲು ಈ ನೀರು ಎಲ್ಲಿಂದ ಬರುತ್ತದೆ ಎಂದು ನೋಡೋಣ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಲ್ಲುತ್ತಾಳೆ. ಅಲ್ಲಿಂದ ಬರುವ ನೀರು ಧಾರವಾಡದ ಹತ್ತಿರ ಅಮ್ಮಿನಭಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗುತ್ತದೆ. ಹುಬ್ಬಳ್ಳಿಗೆ ಕಲಘಟಗಿ ತಾಲೂಕಿನ ನೀರಸಾಗರದ ಆಸರೆಯೂ ಇದೆ. ಘಟಕ ಬಿಡುವ ಮುನ್ನ ನೀರಿಗೆ ಕ್ಲೋರಿನ್ ಸೇರಿಸುತ್ತಾರೆ. ಕ್ಲೋರಿನ್ ಒಂದು ಹಳದಿ ಮಿಶ್ರಿತ ಹಸಿರು ಅನಿಲ. 1774ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಇದನ್ನು ಮೊದಲು ತಯಾರಿಸಿದ. ನೀರಿನಲ್ಲಿ ಬೆರೆತಾಗ ಅದು ಹೈಪೊಕ್ಲೋರಸ್ ಆಮ್ಲ ಎಂಬ ವಸ್ತುವಾಗುತ್ತದೆ. ರೋಗಾಣುವಿನ ಹೊರಗೋಡೆಯನ್ನು ದಾಟಿ ಒಳಹೊಕ್ಕು ಅದನ್ನು ಕೊಲ್ಲುವುದು ಈ ಆಮ್ಲವೇ.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಗ್ರಹಿಸಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ನೀರಿಗೆ ಹಾಕಿದ ಕ್ಲೋರಿನ್ ದೂರದ ಊರಿಗೆ ಹೊರಟವರಿಗೆ ಕಟ್ಟಿಕೊಟ್ಟ ಬುತ್ತಿಯ ಹಾಗೆ. ದಾರಿಯುದ್ದಕ್ಕೂ ಅದು ಖರ್ಚಾಗುತ್ತಲೇ ಇರುತ್ತದೆ. ಮಣ್ಣಿನ ಕಣಕ್ಕೆ ಒಂದಿಷ್ಟು, ಕೊಳವೆಯ ಒಳಗೋಡೆಗೆ ಅಂಟಿದ ಲೋಳೆಗೆ ಒಂದಿಷ್ಟು, ಕಬ್ಬಿಣದ ತುಕ್ಕಿಗೆ ಒಂದಿಷ್ಟು. ಹೀಗೆ ಕೊಳೆ ತಿಂದುಹಾಕುವ ಪಾಲಿಗೆ ‘ಕ್ಲೋರಿನ್ ಬೇಡಿಕೆ’ ಎನ್ನುತ್ತಾರೆ. ಮನೆ ತಲುಪಿದಾಗ ಗಂಟಿನಲ್ಲಿ ಇನ್ನೂ ಉಳಿದಿರುವುದು ‘ಉಳಿಕೆ ಕ್ಲೋರಿನ್’. ಬುತ್ತಿ ಉಳಿದಿದ್ದರೆ, ದಾರಿಯಲ್ಲಿ ಸಿಕ್ಕ ಕೊಳೆಯನ್ನೆಲ್ಲ ಎದುರಿಸಿದ ಮೇಲೂ ನೀರಿಗೆ ತ್ರಾಣವಿದೆ ಎಂದು ಅರ್ಥ. ಏನೂ ಉಳಿಯದಿದ್ದರೆ ನೀರು ಕೆಟ್ಟಿದೆ ಎಂದು ತಟ್ಟನೆ ಹೇಳಲಾಗದು. ಆದರೆ ಈಗ ಕೆಟ್ಟದ್ದೇನಾದರೂ ಒಳಹೊಕ್ಕರೆ ತಡೆಯುವವರಿಲ್ಲ.

ಎಷ್ಟು ಉಳಿದಿರಬೇಕು? ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಐಎಸ್ 10500 ಮಾನಕದ ಪ್ರಕಾರ, ಬಳಕೆದಾರರ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ವೈರಾಣುಗಳಿಂದ ರಕ್ಷಣೆ ಬೇಕಾದಾಗ 0.5 ಇರಬೇಕು. ಬೇರೆ ದಾರಿಯಿಲ್ಲದಿದ್ದಾಗ 1 ಮಿಲಿಗ್ರಾಂವರೆಗೆ ಒಪ್ಪಬಹುದು. ಈ ಅಳತೆ ಎಷ್ಟು ಸೂಕ್ಷ್ಮವೆಂದು ನೀವೇ ಲೆಕ್ಕ ಹಾಕಿ: 5000 ಲೀಟರಿನ ತುಂಬು ಸಂಪಿಗೆ 0.2ರಂತೆ ಬೇಕಾದ ಕ್ಲೋರಿನ್ ಒಟ್ಟು ಒಂದೇ ಗ್ರಾಂ. ಎರಡು ಮೂರು ಚಿಟಿಕೆ ಉಪ್ಪಿನಷ್ಟು ತೂಕ! ಕಣ್ಣಿಗೆ ಕಾಣದ, ಮೂಗಿಗೆ ನಿಲುಕದ ಈ ಪ್ರಮಾಣವನ್ನು ಒಂದು ಬಣ್ಣ ನಮಗೆ ತೋರಿಸಿಕೊಡುತ್ತದೆ. ಎಷ್ಟು ಸಲ ಮಾಡಿದರೂ ಆ ಕ್ಷಣ ನನಗೆ ಹೊಸದೇ.

ಬಣ್ಣ ತೋರಿಸುವ ರಾಸಾಯನಿಕಗಳು ಮುಖ್ಯವಾಗಿ ಎರಡು. ಬಹುಕಾಲದಿಂದ ಬಳಕೆಯಲ್ಲಿರುವುದು ಆರ್ಥೊಟಾಲಿಡಿನ್, ಅಂದರೆ ಓಟಿ ದ್ರಾವಣ. ಕ್ಲೋರಿನ್ ಸೋಂಕಿದರೆ ಅದು ಹಳದಿಯಾಗುತ್ತದೆ. ಅಗ್ಗ, ಸುಲಭ. ಆದರೆ ಅದಕ್ಕೆ ಎರಡು ಕೊರತೆಗಳಿವೆ. ಆ ರಾಸಾಯನಿಕ ಕ್ಯಾನ್ಸರ್‌ಕಾರಕವೆಂಬ ಶಂಕೆಯಿದೆ, ಆದ್ದರಿಂದ ಕೈಗೆ ತಾಗಿಸಬಾರದು. ಜೊತೆಗೆ, ಮೊದಲ ಹತ್ತು ಸೆಕೆಂಡಿನ ಬಣ್ಣವೇ ಬೇರೆ, ಹತ್ತು ನಿಮಿಷದ ಬಣ್ಣವೇ ಬೇರೆ. ಎರಡನೆಯದು ಡಿಪಿಡಿ. ಇದು ಗುಲಾಬಿ ಬಣ್ಣ ಕೊಡುತ್ತದೆ. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಡಿಪಿಡಿಯನ್ನೇ.

ಓಟಿಯ ಬಣ್ಣ ಹೊತ್ತು ಕಳೆದಂತೆ ಏಕೆ ಬದಲಾಗುತ್ತದೆ? ಕ್ಲೋರಿನ್ ನೀರಿನಲ್ಲಿ ಎರಡು ಸ್ಥಿತಿಯಲ್ಲಿ ಇರುತ್ತದೆ. ಯಾರಿಗೂ ಅಂಟಿಕೊಳ್ಳದೆ ಕೆಲಸಕ್ಕೆ ಸಿದ್ಧವಾಗಿರುವುದು ‘ಮುಕ್ತ ಕ್ಲೋರಿನ್’. ಬೆವರು, ಮೂತ್ರ, ಚರಂಡಿ ನೀರಿನಲ್ಲಿರುವ ಅಮೋನಿಯದಂಥ ವಸ್ತುಗಳೊಡನೆ ಕೂಡಿಕೊಂಡು ಬಹುಪಾಲು ಬಲ ಕಳೆದುಕೊಂಡದ್ದು ‘ಸಂಯುಕ್ತ ಕ್ಲೋರಿನ್’. ಓಟಿ ಮೊದಲು ಮುಕ್ತವನ್ನು ಕಾಣುತ್ತದೆ, ತಡವಾಗಿ ಸಂಯುಕ್ತವನ್ನೂ ಎಣಿಸುತ್ತದೆ. ಡಿಪಿಡಿಯ 1ನೇ ನಂಬರಿನ ಮಾತ್ರೆ ಮುಕ್ತವನ್ನಷ್ಟೇ ತೋರಿಸುತ್ತದೆ. ಅದೇ ನಳಿಕೆಗೆ 3ನೇ ನಂಬರಿನದನ್ನು ಹಾಕಿದರೆ ಒಟ್ಟು ಕ್ಲೋರಿನ್ ತಿಳಿಯುತ್ತದೆ. ಒಟ್ಟಿನಲ್ಲಿ ಮುಕ್ತವನ್ನು ಕಳೆದರೆ ಉಳಿಯುವುದು ಸಂಯುಕ್ತ.

ಈಗ ಕೈಯಾರೆ ಮಾಡೋಣ. ನಳಿಕೆಯನ್ನು ಪರೀಕ್ಷಿಸಬೇಕಾದ ನೀರಿನಿಂದಲೇ ಮೂರು ಸಲ ಗಲಬರಿಸಿ. ತಳದಲ್ಲಿ ನಾಲ್ಕಾರು ಹನಿ ಬಿಟ್ಟು, 1ನೇ ನಂಬರಿನ ಮಾತ್ರೆಯನ್ನು ಕೈಯಿಂದ ಮುಟ್ಟದೆ ಹಾಳೆಯಿಂದ ನೇರ ಒಳಗೆ ಉದುರಿಸಿ, ಶುದ್ಧ ಕಡ್ಡಿಯಿಂದ ಪುಡಿಮಾಡಿ. ಬಳಿಕ 10 ಮಿಲಿಲೀಟರಿನ ಗೆರೆಯವರೆಗೆ ನೀರು ತುಂಬಿ. ನಳಿಕೆಯಲ್ಲಿ ನೀರಿನ ಮೇಲ್ಮೈ ನಡುವೆ ತುಸು ತಗ್ಗಾಗಿ ಬಾಗಿರುತ್ತದೆ, ಆ ತಗ್ಗು ಗೆರೆಗೆ ತಾಗಬೇಕು. ಮುಚ್ಚಳ ಹಾಕಿ ಮೆಲ್ಲನೆ ಬೋರಲು ಮಾಡಿ. ಮುಚ್ಚಳದ ಬದಲು ಹೆಬ್ಬೆರಳು ಒತ್ತಬೇಡಿ, ಬೆರಳಿನ ಬೆವರೂ ಒಂದಿಷ್ಟು ಕ್ಲೋರಿನ್ ತಿನ್ನುತ್ತದೆ. ಹಗಲು ಬೆಳಕಿನಲ್ಲಿ, ಹಿಂದೆ ಬಿಳಿ ಹಾಳೆ ಹಿಡಿದು, ಒಂದು ನಿಮಿಷದೊಳಗೆ ಕಿಟ್ಟಿನೊಡನೆ ಬಂದ ಬಣ್ಣದ ಪಟ್ಟಿಗೆ ಹೋಲಿಸಿ. ‘ಬಾಟಲಿಯಲ್ಲಿ ತುಂಬಿಟ್ಟು ಸಂಜೆ ನೋಡಿದರಾಯಿತು’ ಎನ್ನುವಂತಿಲ್ಲ. ಬಿಸಿಲಿಗೆ, ಗಾಳಿಗೆ ಕ್ಲೋರಿನ್ ಅಷ್ಟರಲ್ಲಿ ಇಳಿದುಹೋಗಿರುತ್ತದೆ.

ಗುಲಾಬಿ ಬಣ್ಣ ಮಿಂಚಿ ಕೂಡಲೇ ಮಾಯವಾದರೆ ಮೋಸಹೋಗಬೇಡಿ. ಕ್ಲೋರಿನ್ ವಿಪರೀತ ಹೆಚ್ಚಿದ್ದಾಗ ಅದು ಆ ಬಣ್ಣವನ್ನೇ ಬಿಳಿಚಿಸಿಬಿಡುತ್ತದೆ. ಅದನ್ನು ಸೊನ್ನೆಯೆಂದು ಓದಿ ಸಂಪಿಗೆ ಇನ್ನಷ್ಟು ಬ್ಲೀಚಿಂಗ್ ಪೌಡರ್ ಹಾಕಿದವರಿದ್ದಾರೆ.

ಯಾವ ನೀರನ್ನು ಪರೀಕ್ಷಿಸಬೇಕು ಎಂಬುದೂ ಮುಖ್ಯ. ಈ ವಿಷಯದಲ್ಲಿ ನಮ್ಮ ಊರೇ ಜಗತ್ತಿಗೆ ಪಾಠವಾಗಿದೆ. 2008ರ ಹೊತ್ತಿಗೆ ಅವಳಿ ನಗರದ 8 ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು, ಉಳಿದೆಡೆ ಕೆಲವು ದಿನಗಳಿಗೊಮ್ಮೆ ಎಂಬ ಪದ್ಧತಿಯೇ ಮುಂದುವರಿಯಿತು. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಈ ಎರಡೂ ಬಗೆಯ ನೀರನ್ನು ಹೋಲಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಸಂಪರ್ಕವನ್ನು ಸೂಚಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಸದಾ ಹರಿಯುವ ನಲ್ಲಿಗಳ ಮಾದರಿಗಳಲ್ಲಿ ಶೇ 0.7ರಲ್ಲಿ ಮಾತ್ರ ಕಂಡಿತು. ಬಿಟ್ಟು ಬಿಟ್ಟು ಬರುವ ನಲ್ಲಿಗಳಲ್ಲಿ ಶೇ 31.7ರಲ್ಲಿ ಇತ್ತು. ಕೊಳವೆ ಖಾಲಿಯಾಗಿ ಒತ್ತಡ ಬಿದ್ದಾಗ, ಸೋರುವ ಸಂದುಗಳಿಂದ ಸುತ್ತಲಿನ ಕೊಳೆನೀರು ಒಳಗೆ ನುಸುಳುತ್ತದೆ. ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲ ಧಾರೆಯೊಂದಿಗೆ ನಮ್ಮ ಮನೆಗೆ ಬರುತ್ತದೆ. ‘ಮೊದಲಿನ ನೀರು ಹಿಡೀಬ್ಯಾಡವ್ವಾ, ಹರಿಯಲಿ ಬಿಡು’ ಎಂದು ನಮ್ಮ ಹಿರಿಯ ಹೆಣ್ಣುಮಕ್ಕಳು ಹೇಳುವ ಮಾತಿನಲ್ಲಿ ಎಷ್ಟು ತಿಳಿವಿದೆ ನೋಡಿ. ಆ ಮೊದಲ ನೀರು ಗಿಡಕ್ಕೋ ಅಂಗಳಕ್ಕೋ ಹೋಗಲಿ. ನೀರು ತಿಳಿಯಾದ ಮೇಲೆ ಸಂಪಿಗೆ ಬಿಡಿ, ಆಗಲೇ ಮೊದಲ ಪರೀಕ್ಷೆ ಮಾಡಿ.

ಅಲ್ಲಿಗೆ ನಿಲ್ಲಿಸಬೇಡಿ. ನಮ್ಮ ಮನೆಯಲ್ಲಿ ನಾನು ಮಾಡಿದಾಗ ನಲ್ಲಿಯ ನೀರಿನಲ್ಲಿ ಒಳ್ಳೆಯ ಗುಲಾಬಿ ಬಂದಿತ್ತು. ಮರುದಿನ ಸಂಪಿನಲ್ಲಿ ಅದು ತೆಳುವಾಯಿತು. ಅದೇ ದಿನ ಮಾಳಿಗೆಯ ಟಾಕಿಯಿಂದ ಇಳಿದ ನೀರಿನಲ್ಲಿ ಬಣ್ಣವೇ ಇಲ್ಲ. ಬುತ್ತಿ ಎಲ್ಲಿ ತೀರಿತೆಂದು ಗೊತ್ತಾಯಿತು. ಟಾಕಿಯ ಮುಚ್ಚಳ ಬಿರುಕುಬಿಟ್ಟಿತ್ತು, ತಳದಲ್ಲಿ ಬೆರಳು ಅದ್ದಿದರೆ ಮುಳುಗುವಷ್ಟು ಕೆಸರಿತ್ತು. ಟಾಕಿ ತೊಳೆದು ಮುಚ್ಚಳ ಬದಲಿಸಿದ ಮೇಲೆ ಅಲ್ಲಿಯೂ ತೆಳು ಗುಲಾಬಿ ಉಳಿಯತೊಡಗಿತು. ಆರ್‌ಒ ಯಂತ್ರದಿಂದ ಬಂದ ನೀರು ಸೊನ್ನೆ ತೋರಿಸಿದರೆ ಗಾಬರಿ ಬೇಡ. ಅದರೊಳಗಿನ ಇದ್ದಿಲು ಕ್ಲೋರಿನ್ನನ್ನು ಹೀರಿಕೊಳ್ಳುತ್ತದೆ. ಕಾವಲಿಲ್ಲದ ಆ ನೀರನ್ನು ದಿನಗಟ್ಟಲೆ ಕೂಡಿಡದಿದ್ದರೆ ಸಾಕು. ಬೋರ್‌ವೆಲ್ ನೀರಿಗೆ ಯಾರೂ ಕ್ಲೋರಿನ್ ಹಾಕಿರುವುದಿಲ್ಲ, ಅಲ್ಲಿ ಸೊನ್ನೆಯೇ ಸಹಜ.

ಸಂಪಿನಲ್ಲಿ ಸೊನ್ನೆ ಬಂದರೆ ಬ್ಲೀಚಿಂಗ್ ಪೌಡರ್ ಬಳಸಬಹುದು. ತಾಜಾ ಪುಡಿಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಕೆಲಸಕ್ಕೆ ಬರುವ ಕ್ಲೋರಿನ್. 1000 ಲೀಟರಿಗೆ 2.5 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಸೇರುತ್ತದೆ. ಹೋದ ಬೇಸಿಗೆಯಲ್ಲಿ ಒಡೆದ ಪೊಟ್ಟಣಕ್ಕೆ ಈ ಲೆಕ್ಕ ಸಲ್ಲದು, ಗಾಳಿಯಾಡಿದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಸುರಿಯಿರಿ. ಒಂದು ಗಂಟೆ ಕಾದು ಮತ್ತೆ ಪರೀಕ್ಷಿಸಿ. ಒಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ: ಈ ಪುಡಿಗೆ ಶೌಚಾಲಯ ತೊಳೆಯುವ ಆಮ್ಲ ಎಂದೂ ತಾಗಕೂಡದು. ಹೊರಬರುವ ವಿಷಾನಿಲ ಪ್ರಾಣಕ್ಕೆ ಎರವಾಗುತ್ತದೆ.

ಈಜುಕೊಳ ಇರುವವರಿಗೂ ಪರೀಕ್ಷೆಯ ಕ್ರಮ ಇದೇ, ಅಂಕಿ ಮಾತ್ರ ಬೇರೆ. ಕೊಳದಲ್ಲಿ ಮುಕ್ತ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇರಲಿ. ಬಿಸಿನೀರಿನ ಸ್ಪಾದಲ್ಲಿ ಕನಿಷ್ಠ 3 ಬೇಕು, ಬಿಸಿಗೆ ಅದು ಬೇಗ ತೀರಿಹೋಗುತ್ತದೆ. ನೀರಿನ ಹುಳಿ-ಕ್ಷಾರವನ್ನು ಅಳೆಯುವ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಅದಕ್ಕಿಂತ ಏರಿದರೆ ಕ್ಲೋರಿನ್ ಇದ್ದೂ ಬಲಹೀನವಾಗುತ್ತದೆ. ಕೊಳದ ಬಳಿ ಘಾಟು ವಾಸನೆ ಮೂಗಿಗೆ ಹೊಡೆದು ಕಣ್ಣು ಉರಿದರೆ ‘ಕ್ಲೋರಿನ್ ಹೆಚ್ಚಾಗಿದೆ’ ಎನ್ನುವುದು ರೂಢಿ. ಹೆಚ್ಚಿನ ಸಲ ಆ ವಾಸನೆ ಬೆವರು, ಮೂತ್ರಗಳೊಡನೆ ಕೂಡಿದ ಸಂಯುಕ್ತ ಕ್ಲೋರಿನ್ನಿನದು. 3ನೇ ನಂಬರಿನ ಮಾತ್ರೆ ಅಲ್ಲಿ ನಿಜ ಹೇಳುತ್ತದೆ.

ಒಂದು ಹಳೆಯ ನೋಟುಬುಕ್ಕು ತೆಗೆದಿಡಿ. ತಾರೀಖು, ಜಾಗ, ಬಣ್ಣದ ಅಂಕಿ ಇಷ್ಟು ಸಾಕು. ಮುಂದಿನ ಸರದಿಯ ನೀರು ಬಂದ ದಿನ ನಲ್ಲಿಯದನ್ನು ಬರೆಯಿರಿ. ಮರುದಿನ ಬೆಳಿಗ್ಗೆ ಸಂಪಿನದು, ಟಾಕಿಯದು, ಮೂರನೆಯ ದಿನ ಅಡುಗೆಮನೆಯ ಕೊಡದ್ದು. ಗುಲಾಬಿ ಯಾವ ದಿನ, ಯಾವ ಪಾತ್ರೆಯಲ್ಲಿ ಅಳಿಸಿಹೋಯಿತೋ ಅಲ್ಲಿ ಮೊದಲು ಮುಚ್ಚಳ ತೆರೆದು ನೋಡಿ.