ಅಠಾರಾ ಕಚೇರಿಯ ಮುಂದೆ ಒಂದು ಪಾಠ

ಸಮಾಜ ವಿಜ್ಞಾನದ ಬೋಧನಾಭ್ಯಾಸದಲ್ಲಿ ಕ್ಷೇತ್ರ ಭೇಟಿ ಎಂದರೆ ನಮ್ಮ ಪ್ರಶಿಕ್ಷಣಾರ್ಥಿಗಳ ಮನಸ್ಸು ನೇರವಾಗಿ ಬೇಲೂರಿಗೋ ಶ್ರೀರಂಗಪಟ್ಟಣಕ್ಕೋ ಹೋಗುತ್ತದೆ. ಬಸ್ಸು, ಬುತ್ತಿ, ಗುಂಪಿನ ಫೋಟೊ, ಮರುದಿನ ಎರಡು ಪುಟದ ವರದಿ. ಊರಿನ ನಡುವೆ ದಿನವೂ ಕಣ್ಣಿಗೆ ಬೀಳುವ ಕಚೇರಿಯ ಕಟ್ಟಡವೂ ಇತಿಹಾಸದ ಆಧಾರವಾಗಬಲ್ಲದು ಎಂದು ಯಾರಿಗೂ ತೋಚುವುದಿಲ್ಲ. ಈ ವರ್ಷ ನಮ್ಮ ಒಬ್ಬ ಪ್ರಶಿಕ್ಷಣಾರ್ಥಿ ಎಂಟನೇ ತರಗತಿಯ ‘ಆಧಾರಗಳು’ ಪಾಠಕ್ಕೆ ಬೆಂಗಳೂರಿನ ಅಠಾರಾ ಕಚೇರಿಯನ್ನು, ಅಂದರೆ ಈಗಿನ ಹೈಕೋರ್ಟ್ ಕಟ್ಟಡವನ್ನು ಆರಿಸಿಕೊಂಡರು. ಮಾರ್ಗದರ್ಶಕ ಉಪನ್ಯಾಸಕನಾಗಿ ನಾನೂ ಜೊತೆಗಿದ್ದು ಪಾಠವನ್ನು ವೀಕ್ಷಿಸಿದೆ. ಅದನ್ನು ತುಸು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನ್ಯಾಯಾಲಯ ಕೆಲಸ ನಡೆಯುವ ಜಾಗ. ಮೂವತ್ತು ಮಕ್ಕಳನ್ನು ಒಳಗೆ ಸುತ್ತಾಡಿಸುವಂತಿಲ್ಲ. ಆದ್ದರಿಂದ ಹೊರಗೆ ಪಾದಚಾರಿ ದಾರಿಯಲ್ಲಿ ನಿಂತೇ ನಡೆಸುವಂತೆ ಪಾಠಯೋಜನೆ ಸಿದ್ಧವಾಗಿತ್ತು. ಇದು ಕೊರತೆಯೆಂದು ನನಗೆ ಅನ್ನಿಸಲಿಲ್ಲ. ಒಳಗೆ ಹೋದ ಮಕ್ಕಳು ಮೇಲ್ಛಾವಣಿ ನೋಡುತ್ತಾರೆ. ಹೊರಗೆ ನಿಂತವರು ಕಟ್ಟಡವನ್ನೂ ಅದರ ಎದುರಿಗಿರುವುದನ್ನೂ ಒಟ್ಟಿಗೆ ನೋಡುತ್ತಾರೆ.

ಪಾಠ ಹೆಸರಿನಿಂದ ಶುರುವಾಯಿತು. “ಇದನ್ನು ಅಠಾರಾ ಕಚೇರಿ ಅಂತ ಯಾಕೆ ಕರೀತಾರೆ?” ಎಂದು ಕೇಳಿದಾಗ ಕೆಲವರು ಅದು ಕಟ್ಟಿಸಿದವರ ಹೆಸರಿರಬೇಕು ಎಂದರು. ಮನೆಯಲ್ಲಿ ಉರ್ದು ಮಾತಾಡುವ ಹುಡುಗನೊಬ್ಬ ಕೂಡಲೇ, “ಅಠಾರಾ ಅಂದ್ರೆ ಹದಿನೆಂಟು ಸರ್” ಎಂದ. ಹದಿನೆಂಟು ಇಲಾಖೆಗಳ ಕಚೇರಿ. ಪ್ರಶಿಕ್ಷಣಾರ್ಥಿ ಅಲ್ಲಿಗೇ ನಿಲ್ಲಿಸದೆ, ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದ್ದನ್ನು ಹೇಳಿ, ಹಾಗಾದರೆ ಹೆಸರು ಹಳೆಯದೋ ಕಟ್ಟಡ ಹಳೆಯದೋ ಎಂದು ಕೇಳಿದರು. ಕಟ್ಟಡದ ಕೆಲಸ ನಡೆದದ್ದು 1864ರಿಂದ 1868ರವರೆಗೆ. ಹೆಸರು ಅದಕ್ಕಿಂತ ಒಂದೂವರೆ ಶತಮಾನಕ್ಕೂ ಹಿಂದಿನದು. ಹದಿನೆಂಟು ಇಲಾಖೆಗಳು ಇಲ್ಲಿಂದ ಎಂದೋ ಹೋಗಿವೆ, ಹೆಸರು ಮಾತ್ರ ಉಳಿದಿದೆ. ಹೆಸರೂ ಒಂದು ಆಧಾರ ಎಂಬ ಮಾತನ್ನು ಮಕ್ಕಳೇ ಹೇಳುವಂತಾಯಿತು. ಪಠ್ಯದ ಪಟ್ಟಿಯಲ್ಲಿ ಇದಿಲ್ಲ.

ಹಿನ್ನೆಲೆಯನ್ನು ಅವರು ಚುಟುಕಾಗಿ ಮುಗಿಸಿದರು, ಅದು ಸರಿಯೇ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕೈಗೆ ತೆಗೆದುಕೊಂಡರು. ಕಮಿಷನರರ ಕಚೇರಿಗಳು ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದವು. ಬೌರಿಂಗ್ ಕಮಿಷನರ್ ಆಗಿದ್ದಾಗ ಈ ಕೆಂಪು ಕಟ್ಟಡ ಎದ್ದಿತು. 1868ರಲ್ಲಿ ಕಚೇರಿಗಳು ಇಲ್ಲಿಗೆ ಬಂದವು. ಕಬ್ಬನ್ ಉದ್ಯಾನ ಅದಾದ ಮೇಲೆ, 1870ರಲ್ಲಿ ಬಂದದ್ದು. ಮರಗಳ ನಡುವೆ ಕಟ್ಟಡ ಕಟ್ಟಿದರೆಂದೇ ಮಕ್ಕಳು ತಿಳಿದಿದ್ದರು.

ನಂತರ ಹಳೆಯ ಫೋಟೊದ ಪ್ರತಿಯೊಂದನ್ನು ಗುಂಪುಗಳಿಗೆ ಹಂಚಿ, ಈಗ ಕಾಣುವುದಕ್ಕೂ ಚಿತ್ರಕ್ಕೂ ಇರುವ ವ್ಯತ್ಯಾಸ ಹುಡುಕಲು ಹೇಳಿದರು. ಕುದುರೆಯ ಮೇಲೆ ಕುಳಿತ ಕಬ್ಬನ್ ಪ್ರತಿಮೆ ಚಿತ್ರದಲ್ಲಿದೆ, ಕಣ್ಣೆದುರು ಇಲ್ಲ. ಅದನ್ನು 2020ರಲ್ಲಿ ಉದ್ಯಾನದೊಳಗೆ ಸಾಗಿಸಲಾಯಿತು. ಯಾವ ಖರ್ಚೂ ಇಲ್ಲದ ಈ ಚಟುವಟಿಕೆಯನ್ನು ಬೇರೆಯವರೂ ಬಳಸಬಹುದು.

ಪಾಠ ನಿಜವಾಗಿ ಪಾಠವಾದದ್ದು ಮುಂದಿನ ಹತ್ತು ನಿಮಿಷಗಳಲ್ಲಿ. ಕಟ್ಟಡದ ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್, ಅವರೇ 1873ರಲ್ಲಿ ದಂಡು ಪ್ರದೇಶದಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು ಎಂದು ಪ್ರಶಿಕ್ಷಣಾರ್ಥಿ ಹೇಳುತ್ತಿದ್ದಂತೆ ಹಿಂದೆ ನಿಂತಿದ್ದ ಹುಡುಗಿ ಕೈ ಎತ್ತಿದಳು. “ಸರ್, ಕಂಟ್ರಾಕ್ಟರ್ ಹೆಸರು ಗೊತ್ತು. ಗಾರೆಯವರ ಹೆಸರು?” ಅವಳ ತಂದೆ ತಾಯಿ ಇಬ್ಬರೂ ಕಟ್ಟಡ ಕೆಲಸಕ್ಕೆ ಹೋಗುವವರೆಂದು ತರಗತಿ ಶಿಕ್ಷಕಿ ಆಮೇಲೆ ಹೇಳಿದರು.

ಇಂಥ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ: “ಒಳ್ಳೆ ಪ್ರಶ್ನೆ, ಆಮೇಲೆ ನೋಡೋಣ” ಮತ್ತು “ಅದು ಪರೀಕ್ಷೆಗಿಲ್ಲ”. ಪ್ರಶಿಕ್ಷಣಾರ್ಥಿ ಎರಡನ್ನೂ ಬಿಟ್ಟು ಪ್ರಶ್ನೆಯನ್ನೇ ತಿರುಗಿಸಿದರು: “ನಿಮ್ಮ ಅಪ್ಪ ಅಮ್ಮನ ಹೆಸರು ಕೆಲಸದ ಜಾಗದಲ್ಲಿ ಎಲ್ಲಿ ಬರೆದಿರುತ್ತೆ ಪುಟ್ಟಿ?” ಅವಳು ಯೋಚಿಸಿ, “ಮೇಸ್ತ್ರಿ ಪುಸ್ತಕದಲ್ಲಿ. ಶನಿವಾರ ಬಟವಾಡೆಗೆ” ಎಂದಳು. ಕಟ್ಟಡ ಮುಗಿದ ಮೇಲೆ ಆ ಪುಸ್ತಕ ಏನಾಗುತ್ತದೆ? ಯಾರೂ ಮಾತಾಡಲಿಲ್ಲ. ಆಗ ಅವರು ಎಲ್ಲರನ್ನೂ ಹಿಂದಕ್ಕೆ ತಿರುಗಿ ನಿಲ್ಲಲು ಹೇಳಿದರು. ಎದುರಿಗೆ ವಿಧಾನಸೌಧ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರ ಹಟ, 1956ರಲ್ಲಿ ಮುಗಿದದ್ದು ಎಲ್ಲವೂ ದಾಖಲಾಗಿದೆ. ಅಲ್ಲಿ ಕಲ್ಲು ಹೊತ್ತವರಲ್ಲಿ ಕೈದಿಗಳೂ ಇದ್ದರು. ಅವರ ಹೆಸರುಗಳು? ಬರೆದಿಟ್ಟದ್ದು ಯಾವುದು, ಬರೆದರೂ ಉಳಿಯದೆ ಹೋದದ್ದು ಯಾವುದು ಎಂಬ ವ್ಯತ್ಯಾಸ ಆ ರಸ್ತೆಯ ನಡುವೆ ಮಕ್ಕಳಿಗೆ ಹೊಳೆಯಿತು. ಲಿಖಿತ ಆಧಾರಗಳ ಮಿತಿ ಎಂದು ನಾವು ಕಪ್ಪುಹಲಗೆಯ ಮೇಲೆ ಬರೆಯಿಸುವುದು ಇದನ್ನೇ.

ಕೊನೆಯ ಭಾಗ ಚರ್ಚೆ. 1956ರಲ್ಲಿ ಸಚಿವಾಲಯ ಎದುರಿನ ಕಟ್ಟಡಕ್ಕೆ ಹೋಯಿತು, ಇದು ಹೈಕೋರ್ಟಿಗೆ ಉಳಿಯಿತು. 1980ರ ದಶಕದ ಆರಂಭದಲ್ಲಿ, ಜಾಗ ಸಾಲದೆಂದು ಇದನ್ನು ಕೆಡವುವ ಪ್ರಸ್ತಾಪ ಬಂತು. ಸಾರ್ವಜನಿಕರು ವಿರೋಧಿಸಿದರು, ವಿಷಯ ನ್ಯಾಯಾಲಯಕ್ಕೂ ಹೋಯಿತು, ಅದರ ವಿಚಾರಣೆ ಇದೇ ಕಟ್ಟಡದೊಳಗೆ ನಡೆಯಿತು. ತನ್ನ ಮೇಲಿನ ಮೊಕದ್ದಮೆಗೆ ತಾನೇ ಛಾವಣಿಯಾದ ಕಟ್ಟಡ! ಕಡೆಗೆ ಇದು ಉಳಿದುಕೊಂಡಿತು. ಹಿಂಬದಿಯಲ್ಲಿ ಇದೇ ಮಾದರಿಯ ಹೊಸ ಭಾಗ ಸೇರಿತು. ಈ ಫಲಿತಾಂಶ ಹೇಳುವ ಮೊದಲೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಪ್ರಶಿಕ್ಷಣಾರ್ಥಿ ಕೇಳಿದ್ದರು. ಬಹುತೇಕರು ಉಳಿಸಬೇಕು ಎಂದರು, ಮೇಷ್ಟ್ರ ಮುಖ ನೋಡಿಕೊಂಡು. ಒಬ್ಬ ಹುಡುಗ ಮಾತ್ರ ಕೆಡವಬೇಕು ಎಂದ. ಅವನ ಅಜ್ಜನ ಜಮೀನಿನ ಕೇಸು ಎಷ್ಟೋ ವರ್ಷಗಳಿಂದ ನಡೆಯುತ್ತಿದೆಯಂತೆ. ಹಳ್ಳಿಯಿಂದ ಬಂದಾಗಲೆಲ್ಲ ಅಜ್ಜ ಇಡೀ ದಿನ ನಿಂತೇ ಇರುತ್ತಾರಂತೆ. “ದೊಡ್ಡದು ಕಟ್ಟಿದ್ರೆ ಕೂರೋಕೆ ಜಾಗ ಸಿಗ್ತಿತ್ತು ಸರ್.” ಕೆಲವರು ನಕ್ಕರು. ಪ್ರಶಿಕ್ಷಣಾರ್ಥಿ ನಗುವನ್ನು ತಡೆದು, ಅವನ ಮಾತನ್ನು ಪೂರ್ತಿ ಮುಗಿಸಲು ಬಿಟ್ಟು, ಉಳಿಸಬೇಕೆಂದವರನ್ನು ಈ ಅಜ್ಜನಿಗೆ ಉತ್ತರ ಕೊಡಿ ಎಂದರು. ಆಗಲೇ ಚರ್ಚೆಗೆ ಜೀವ ಬಂದದ್ದು. ಹಿಂದೆ ಕಟ್ಟಬಹುದಲ್ಲ ಎಂಬ ಪರಿಹಾರವನ್ನು ಹುಡುಗಿಯೊಬ್ಬಳು ತಾನಾಗಿಯೇ ಹೇಳಿದಳು.

ಜೊತೆಗಿದ್ದ ಮತ್ತೊಬ್ಬ ವೀಕ್ಷಕರು ತಮ್ಮ ಹಾಳೆಯಲ್ಲಿ “ಉದ್ದೇಶದಿಂದ ದೂರ ಸರಿದಿದೆ, ಮೌಲ್ಯಮಾಪನ ಹಂತ ನಡೆದಿಲ್ಲ” ಎಂದು ಬರೆದರು. ಯೋಜನೆಯಲ್ಲಿದ್ದ ಐದು ವಸ್ತುನಿಷ್ಠ ಪ್ರಶ್ನೆಗಳನ್ನು ಕೇಳಲು ಸಮಯ ಸಿಗಲಿಲ್ಲ ಎಂಬುದು ನಿಜ. ನನ್ನ ಲೆಕ್ಕದಲ್ಲಿ ಮೇಸ್ತ್ರಿ ಪುಸ್ತಕದ ಪ್ರಶ್ನೆಯೇ ಮೌಲ್ಯಮಾಪನ; ಆಧಾರ ಎಂದರೇನು ಎಂದು ತಿಳಿಯದ ಮಗು ಅದಕ್ಕೆ ಉತ್ತರಿಸಲಾರದು. ಈ ಬಗ್ಗೆ ನಮ್ಮಿಬ್ಬರಿಗೂ ಒಮ್ಮತ ಬರಲಿಲ್ಲ. ವೀಕ್ಷಣಾ ಹಾಳೆಯಲ್ಲಿ ‘ಅನಿರೀಕ್ಷಿತ ಪ್ರಶ್ನೆಯ ನಿರ್ವಹಣೆ’ ಎಂಬ ಅಂಕಣ ಬೇಕೆಂದು ವಿಭಾಗದ ಸಭೆಯಲ್ಲಿ ಕೇಳಿದ್ದೇನೆ.

ಇದೇ ಪಾಠವನ್ನು ನಡೆಸುವವರಿಗೆ ಒಂದೆರಡು ಮಾತು. ಮುಂಜಾನೆ ವಾಹನಗಳ ಸದ್ದು ಹೆಚ್ಚುವ ಮೊದಲೇ ತಲುಪಿ. ರಸ್ತೆ ಬದಿಯಲ್ಲಿ ಮೂವತ್ತಕ್ಕಿಂತ ಹೆಚ್ಚು ಮಕ್ಕಳು ಬೇಡ. ಎರಡೂ ಕಟ್ಟಡಗಳು ಕಾಣುವಂತೆ ನಿಲ್ಲಿಸಿ. ಮನೆಗೆಲಸಕ್ಕೆ ಪ್ರಬಂಧ ಬೇಡ. ನಮ್ಮ ಪ್ರಶಿಕ್ಷಣಾರ್ಥಿ ಕೊಟ್ಟದ್ದು ಇಷ್ಟೇ: ನಿಮ್ಮ ಶಾಲೆಯ ಕಟ್ಟಡ ಕಟ್ಟಿದವರಲ್ಲಿ ಒಬ್ಬರ ಹೆಸರು ಕೇಳಿ ತನ್ನಿ, ಯಾರಿಂದ ತಿಳಿಯಿತೆಂದೂ ಬರೆಯಿರಿ. ವಾರದ ಕೊನೆಗೆ ನಾಲ್ಕು ಹೆಸರು ಬಂದಿದ್ದವು. ಮೂರು ದಾನಿಗಳವು, ಗೋಡೆಯ ಕಲ್ಲಿನಿಂದ ಬರೆದುಕೊಂಡವು. ನಾಲ್ಕನೆಯದು ಒಬ್ಬ ಬಡಗಿಯದು, ಶಾಲೆಯ ಮುಂದೆ ಕಡಲೆಕಾಯಿ ಮಾರುವ ಅಜ್ಜಿ ಹೇಳಿದ್ದು.